ಬಿಟ್ಟುಹೋದ ಹಕಾರ

ಅಕ್ಕಾ,

ಮಧ್ಯಾಹ್ನ ಮೂರು ಗಂಟೆ. ಹತ್ತು ನಿಮಿಷ ಕಣ್ಣು ಮುಚ್ಚಿದ್ದೆ, ವಾರ್ಡಿನವರೆಲ್ಲ ಗೊಳ್ಳೆಂದು ನಕ್ಕ ಸದ್ದಿಗೆ ಎಚ್ಚರವಾಯಿತು. ನಗುತ್ತಿದ್ದದ್ದು ನನ್ನನ್ನು ನೆನೆದೇ.

ಕಣ್ಣಿನ ಪೊರೆ ತೆಗೆಯುವಾಗ ರೋಗಿಗಳಿಗೆ ಅವರ ಭಾಷೆಯಲ್ಲೇ ಧೈರ್ಯ ಹೇಳುವುದು ಈ ಶಿಬಿರದಲ್ಲಿ ನನ್ನ ಕೆಲಸ. ಈ ದೇಶದ ಮಾತಿನಲ್ಲಿ ‘ಹೀಮಾ’ ಎಂದರೆ ಅಲುಗಾಡಬೇಡ, ‘ಈಮಾ’ ಎಂದರೆ ನಗು. ನನ್ನ ನಾಲಿಗೆಗೆ ಹಕಾರ ಹತ್ತುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಒಬ್ಬ ಅಜ್ಜಿ ನಾನು ಹೇಳಿದಂತೆಲ್ಲ ಮೇಜಿನ ಮೇಲೆ ಮಲಗಿ ನಕ್ಕಿದ್ದೇ ನಕ್ಕಿದ್ದು. “ಏನಮ್ಮಾ, ನಾನು ಆಪರೇಷನ್ ಮಾಡ್ಲೋ, ಜೋಕ್ ಹೇಳ್ಲೋ?” ಎಂದು ಡಾಕ್ಟರು ಕೈ ಹಿಂದೆಗೆದರು. ಇಲ್ಲಿಯ ನರ್ಸ್ ತಿದ್ದಿ ಹೇಳಿದ ಮೇಲೆ ಎಲ್ಲ ಸುಸೂತ್ರವಾಯಿತು. ಅಜ್ಜಿಯ ಕಣ್ಣು ಚೆನ್ನಾಗಿದೆ. ನಿದ್ದೆಯೊಂದು ಬಿಟ್ಟರೆ ನಾನೂ ಚೆನ್ನಾಗಿದ್ದೇನೆ.

ಆದರೆ ಈಗ ಎದ್ದು ಕೂತಾಗ ಹೊಳೆಯಿತು. ಮೊನ್ನೆ ನೀನು ಫೋನಿನಲ್ಲಿ, “ನಿನ್ನ ಮಗ ಆಲೂ ಆಲೂ ಅಂತ ಅಳ್ತಾನೆ ಕಣೇ, ಆಲೂಗಡ್ಡೆ ಬೇಯಿಸಿ ಕೊಟ್ರೆ ನನ್ ಮುಖಕ್ಕೇ ಉಗೀತಾನೆ” ಅಂದೆಯಲ್ಲ? ಅವನು ಮಾತು ಕಲಿತದ್ದು ನನ್ನಿಂದ! ಪಾಪ, ಕೇಳುತ್ತಿರುವುದು ಹಾಲು. ಹೊರಡುವಾಗ, ಅವನಿಗೆ ಶೀತವಾಗಿದೆ, ಹಾಲು ಕೊಡಬೇಡ ಎಂದು ಹೇಳಿ ಬಂದವಳೂ ನಾನೇ.

ಇಲ್ಲಿಂದ ಹೊರಗೆ ಫೋನ್ ಹೋಗುವುದಿಲ್ಲ, ಒಳಗೆ ಬರುತ್ತದೆ. ಇವತ್ತೇ ವಿಮಾನದಲ್ಲಿ ಊರಿಗೆ ಹೊರಟಿರುವ ನಮ್ಮ ಅರಿವಳಿಕೆ ಡಾಕ್ಟರು ಈ ಕಾರ್ಡನ್ನು ರಾತ್ರಿಯೇ ನಿನ್ನ ಕೈಗೆ ಕೊಡುತ್ತಾರೆ. ನಾಳೆ ಬೆಳಿಗ್ಗೆ ಆರಕ್ಕೆ ಆಪರೇಷನ್ ಥಿಯೇಟರ್ ಒಳಗೆ ಹೋದರೆ ಸಂಜೆಯವರೆಗೆ ಹೊರಗೆ ಬರುವಂತಿಲ್ಲ. ದಮ್ಮಯ್ಯ ಅಕ್ಕಾ, ಶೀತವಿದ್ದರೂ ಇರಲಿ, ಅವನಿಗೆ ಹಾಲು ಕಾಯಿಸಿ ಕೊಡು. ಕುಡಿದನೋ ಇಲ್ಲವೋ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡು.