ಕಿವಿಯಲ್ಲಿ ಹೇಳುವ ಅಳತೆ

ಇಳಕಲ್,
೧೧ ಫೆಬ್ರುವರಿ ೨೦೨೫

ಮುದ್ದಿನ ಮಗಳು ರೂಬಿಗೆ ಅಮ್ಮಿಯ ಸಲಾಂ.

ಮಗನಿಗೆ ಹಲ್ಲು ಬಂತೆಂದು ನೀನು ಬಾದಾಮಿಯಿಂದ ಫೋಟೊ ಕಳಿಸಿ ಎಷ್ಟು ದಿನವಾಯಿತೋ, ನಾನು ಒಂದು ಮಾತೂ ಆಡಲಿಲ್ಲ. ಸಿಟ್ಟಾಗಬೇಡ. ನಿನ್ನ ಅಬ್ಬಾ ಗ್ಯಾರೇಜಿಗೆ ಹೋಗುತ್ತಿಲ್ಲ, ದಿನವಿಡೀ ನನ್ನ ಪಕ್ಕದಲ್ಲೇ ಇರುತ್ತಾರೆ. ಫೋನಿನಲ್ಲಿ ಹೇಳುವುದಾದರೂ ಹೇಗೆ? ಅದಕ್ಕೇ ಈ ಕಾಗದ.

ನಿನ್ನಿಂದಲೂ ಒಂದು ಸಂಗತಿ ಮುಚ್ಚಿಟ್ಟಿದ್ದೆವು. ಅವರ ಕಣ್ಣು ಮಂಜಾದಾಗಿನಿಂದ ಅವರು ಎಂಜಿನ್ನಿನ ಸಿಲಿಂಡರಿನೊಳಗೆ ಸವೆತ ಅಳೆಯುವ ಗೇಜು ಇಳಿಸಿ ಹಿಡಿಯುವುದು, ನಾನು ಒರೆಸುವ ನೆಪದಲ್ಲಿ ಬಗ್ಗಿ ಮುಳ್ಳು ನೋಡಿ ಕಿವಿಯಲ್ಲಿ ಹೇಳುವುದು, ಗಿರಾಕಿಗೆ ಅವರು ದೊಡ್ಡ ದನಿಯಲ್ಲಿ ಹೇಳುವುದು. ಶಕೀಲ ಮೇಸ್ತ್ರಿಯ ಕೈ ಅಂದರೆ ಕೈ ಎಂದು ಊರೆಲ್ಲ ಹೊಗಳುತ್ತಿತ್ತು. ಅಡುಗೆ ನನ್ನದು, ಬಡಿಸಿದ ಹೆಸರು ಅವರದು.

ಹೋದ ತಿಂಗಳು ಐಹೊಳೆಯ ಹೊಳಬಸಪ್ಪ ಪ್ರವಾಸಿಗರನ್ನು ತಿರುಗಿಸುವ ತನ್ನ ಹಳೆಯ ಕಾರು ತಂದ. ಸೈಲೆನ್ಸರಿನಿಂದ ಬರೀ ಹೊಗೆ. ಎಂಜಿನ್ ಬಿಚ್ಚಿದ ಮೇಲೆ ನಿನ್ನ ಅಬ್ಬಾ ಗೇಜು ಕೇಳಲೇ ಇಲ್ಲ. ಸಿಲಿಂಡರಿನ ಗೋಡೆಗೆ ಉಗುರು ಎಳೆದು, "ನುಣ್ಣಗ ಐತಿ. ಪಿಸ್ಟನ್ನಿಗೆ ಹೊಸಾ ರಿಂಗ್ ಹಾಕಿದ್ರ ಮುಗೀತು" ಎಂದರು. ಸಕ್ಕರೆ ಕಾಯಿಲೆಯಿಂದ ಅವರ ಬೆರಳ ತುದಿಗಳೂ ಜೋಮು ಹಿಡಿದಿವೆ, ರೂಬಿ. ಪಿಸ್ಟನ್ ಆಡಿ ಆಡಿ ಗೋಡೆ ಸವೆದು ಮೇಲಂಚಿನಲ್ಲಿ ಏಣು ಎದ್ದಿತ್ತು. ಅದು ಅವರಿಗೆ ತಾಗಲೇ ಇಲ್ಲ. ನಾನೇ ಗೇಜು ಇಳಿಸಿದೆ. ಉದ್ದಕ್ಕೆ ಹಿಡಿದರೆ ಮುಳ್ಳು ಒಂದು ಕಡೆ, ಅಡ್ಡಕ್ಕೆ ಹಿಡಿದರೆ ಇನ್ನೊಂದು ಕಡೆ. ಗುಂಡಗಿರಬೇಕಾದದ್ದು ಮೊಟ್ಟೆಯ ಹಾಗಾಗಿತ್ತು.

"ರಿಂಗ್ ಹಾಕಿದ್ರ ನಿಲ್ಲೂದಿಲ್ರಿ," ಎಂದೆ, ಎಲ್ಲರಿಗೂ ಕೇಳುವಂತೆ. "ಸಿಲಿಂಡರ್ ಸವದೈತಿ. ಒಳಗ ಕೊರದು ಬೋರ್ ಮಾಡಿ ದೊಡ್ಡ ಪಿಸ್ಟನ್ನ ಹಾಕಬೇಕು."

ಹೊಳಬಸಪ್ಪ ಇಬ್ಬರ ಮುಖವನ್ನೂ ನೋಡಿದ. "ಮೇಸ್ತ್ರಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಬಾಗಲಕೋಟ್ಯಾಗ ಒಮ್ಮಿ ತೋರಿಸ್ಕೊಂಡು ಬರ್ತೇನಿ" ಎಂದು ಎಂಜಿನ್ ಹೊರಿಸಿಕೊಂಡು ಹೋದ. ಅಲ್ಲಿಯೂ ನನ್ನ ಮಾತನ್ನೇ ಹೇಳಿದರಂತೆ. ಆ ಸುದ್ದಿ ಬಂದಾಗಿನಿಂದ ನಿನ್ನ ಅಬ್ಬಾ ಗ್ಯಾರೇಜಿನ ಕೀಲಿ ಮುಟ್ಟಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನಿನಗೆ ನನ್ನ ಬಾಯಿ ಗೊತ್ತಲ್ಲ. ಬೈಯಲಿಲ್ಲ. ಒಂದೇ ಮಾತು ಅಂದರು: "ಸುಲ್ತಾನಾ, ಕಿವ್ಯಾಗ ಹೇಳಬಹುದಿತ್ತಲ್ಲ."

ನಿಜ ಹೇಳಿದವಳು ನೆಮ್ಮದಿಯಾಗಿರಬೇಕಿತ್ತು. ನನಗೆ ಅನ್ನ ಸೇರುತ್ತಿಲ್ಲ. ನೀನೇ ಬಂದು ಅವರನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗು. ನಾನು ಏನು ಹೇಳಿದರೂ ಈಗ ಅವರಿಗೆ ಚುಚ್ಚುತ್ತದೆ. ಅಲ್ಲಾಹ್ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ. ಮೊಮ್ಮಗನ ಆ ಒಂದು ಹಲ್ಲಿಗೆ ನನ್ನ ಮುತ್ತು.

ನಿನ್ನ ಅಮ್ಮಿ,
ಸುಲ್ತಾನಾ

ತಾ.ಕ.: ಮೊನ್ನೆ ಹೊಳಬಸಪ್ಪ ಫೋನ್ ಮಾಡಿದ್ದ. "ಅಕ್ಕಾರ, ನಮ್ಮ ಮಾವನ ಎಂಜಿನ್ನೂ ನೀವ ಅಳೀಬೇಕ್ರಿ" ಎಂದ. ನಿನ್ನ ಅಬ್ಬಾ ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಖುಷಿಯಾಯಿತು, ರೂಬಿ. ಅವನ ಎಂಜಿನ್ ಬಿಚ್ಚಿದ ಆ ದಿನವೂ ನಿನ್ನ ಅಬ್ಬಾನ ಕಿವಿ ನನ್ನ ಬಾಯಿಯಿಂದ ಒಂದು ಗೇಣು ದೂರದಲ್ಲೇ ಇತ್ತು. ಹೊಳಬಸಪ್ಪನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.