ತೋಳನ ಗಾಯಕ್ಕೆ ಮದ್ದಿನ ಕುರಿ

ಅಣ್ಣಯ್ಯಾ,

ನನ್ನ ಅಕ್ಷರ ಕೆಟ್ಟದಾಗಿದೆ, ತಪ್ಪುಗಳೂ ಇರುತ್ತವೆ, ಸಿಟ್ಟಾಗಬೇಡ. ನಾಲ್ಕನೇ ಕ್ಲಾಸಿಗೆ ನನ್ನ ಓದು ನಿಂತದ್ದು ನಿನಗೆ ಗೊತ್ತೇ ಇದೆ. ಅದರ ಮೇಲೆ ಬಲಗೈಗೆ ಬಟ್ಟೆ ಸುತ್ತಿದ್ದಾರೆ, ಪೆನ್ಸಿಲನ್ನು ಎರಡು ಬೆರಳಲ್ಲಿ ಹಿಡಿದು ಬರೆಯುತ್ತಿದ್ದೇನೆ. ಕೈಗೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ನಿನ್ನ ನಾಯಿ ಕಾಳ ಕಚ್ಚಿತು. ನೀನು ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಈಗ ನಾನು ಚಿತ್ರದುರ್ಗದಲ್ಲಿದ್ದೇನೆ. ಅತ್ತಿಗೆಯೂ ದೊಡ್ಡಪ್ಪನೂ ಜೊತೆಗಿದ್ದಾರೆ. ಮೂವರಿಗೂ ದಿನಾ ಹೊಟ್ಟೆಗೆ ಸೂಜಿ ಚುಚ್ಚುತ್ತಾರೆ. ಇಲ್ಲಿಗೆ ಹೇಗೆ ಬಂದೆವೆಂದು ಕೇಳಿದರೆ ನೀನು ನಗುತ್ತೀಯೋ, ಅತ್ತಿಗೆಗೆ ಬೈಯುತ್ತೀಯೋ...

ಯುಗಾದಿಯ ಮಾರನೆಯ ದಿನ ನೆನಪಿದೆಯಾ? ಕುರಿ ಕೂಡುವ ರೊಪ್ಪದ ಮುಂದೆ ಇಡೀ ಹಟ್ಟಿ ಸೇರಿ ಮದ್ದಿನ ಮರಿ ಬಿಡುತ್ತಿದ್ದರು. ಮನೆಗೊಂದು ಹೆಣ್ಣುಮರಿ, ಎಡಗಿವಿಗೆ ಕತ್ತರಿಸಿದ ಗುರುತು. ಆಮೇಲೆ ಅದು ಯಾರದ್ದೂ ಅಲ್ಲ, ಎಲ್ಲರದ್ದು. ಯಾರಿಗೆ ಕಾಲು ಮುರಿದರೂ, ಯಾರ ಹೆರಿಗೆ ಕಷ್ಟವಾದರೂ ಹಿರಿಯರು ಕೂತು ಒಂದು ಕುರಿ ಮಾರಿ ಡಾಕ್ಟರ ಹತ್ತಿರ ಕಳಿಸುತ್ತಾರೆ. ಅವತ್ತೇ ದುರ್ಗದ ಬಸ್ಸಿಳಿದು ಒಬ್ಬ ಏಜೆಂಟ್ ಬಂದ. ಬಸ್ ಸ್ಟ್ಯಾಂಡಿನ ಹತ್ತಿರದ ಡಾಕ್ಟರೊಬ್ಬರ ಕಾರ್ಡು ತಂದಿದ್ದ. ಮದ್ದಿನ ಕುರಿಗಳನ್ನೆಲ್ಲ ಅವರಿಗೆ ಕೊಟ್ಟರೆ ವರ್ಷವಿಡೀ ಹಟ್ಟಿಗೆಲ್ಲ ಔಷಧ ಎಂದ. ದೊಡ್ಡಪ್ಪ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನೀನು ಕುಂತಲ್ಲಿಂದಲೇ ಕೇಳಿದೆ.

"ಕಾಲು ಮುರಿದ್ರೆ ನಡೀತೈತೇನಪ್ಪ ಈ ಕಾರ್ಡು?"

"ಅದಕ್ಕಿಲ್ಲ. ಜ್ವರ, ಕೆಮ್ಮು, ಭೇದಿ."

"ಟಗರು ಗುದ್ದಿದ್ರೆ?"

"ಇಲ್ಲ."

"ಹಾವು?"

"ಹಾವಿಗೂ ಇಲ್ಲ. ಕೆಮ್ಮಿಗೆ ಐತೆ."

"ಲೇ, ಕುರಿ ಕಾಯೋನು ಕೆಮ್ಮಿ ಸತ್ತಿದ್ದು ಎಲ್ಲಾದ್ರೂ ನೋಡಿದೀಯೇನಲೇ" ಎಂದು ಎದ್ದು ಅವನ ಕೊರಳಪಟ್ಟಿ ಹಿಡಿದೆ. ಅಂಗಿ ಹರಿಯಿತು, ಮೂಗಿಗೂ ಒಂದು ಬಿತ್ತು. ರಕ್ತ ಒರೆಸಿಕೊಳ್ಳುತ್ತಾ ಬಸ್ಸಿನ ಕಡೆ ಓಡಿದ. ಎಲ್ಲರೂ ನಕ್ಕರು. ಬಾಗಿಲ ಹಿಂದೆ ನಿಂತು ನಾನೂ ನಕ್ಕೆ. ಕಾರ್ಡು ಬೇಡ, ನಮ್ಮ ಮದ್ದಿನ ಕುರಿಯೇ ಸಾಕು ಎಂದು ತೀರ್ಮಾನವಾಯಿತು. ಕಾರ್ಡಿನಲ್ಲಿ ಏನೇನು ಬಿಟ್ಟಿದ್ದಾರೆಂದು ನೀನು ಕೇಳಿದೆ. ನಮ್ಮ ಕಟ್ಟಳೆಯಲ್ಲಿ ಏನು ಬಿಟ್ಟಿದ್ದಾರೆಂದು ಅವತ್ತು ಯಾರಾದರೂ ಕೇಳಿದ್ದರೆ...

ಜೋಗಿಮಟ್ಟಿಯ ಕೆಳಗೆ ಕುರಿ ಮೇಯಿಸಲು ಹೋದ ದಿನ ನಾನು ನಿನಗೆ ಬುತ್ತಿ ತಂದಿದ್ದೆ. ನೆತ್ತಿಯ ಮೇಲೆ ಬಿಸಿಲಿತ್ತು. ತೋಳ ಒಂದೇ ಬಂತು, ಅದೂ ಬಟ್ಟಬಯಲಲ್ಲಿ, ಓಲಾಡುತ್ತಾ. ಮರಿಗಳನ್ನು ಮೂಸಿಯೂ ನೋಡದೆ ನೇರ ನಿನ್ನ ಮೇಲೆ ಹಾರಿತು. ಭುಜ ಕಚ್ಚಿತು, ಕೆನ್ನೆ ಹರಿಯಿತು. ನೀನು ಅದರ ಕುತ್ತಿಗೆಯನ್ನು ಕಂಕುಳಲ್ಲಿ ಅಮುಕಿಕೊಂಡೆ. ಕಾಳ ಹಿಂಗಾಲು ಹಿಡಿಯಿತು, ತೋಳ ತಿರುಗಿ ಅದರ ಮೂತಿಯನ್ನೂ ಸೀಳಿತು. ನೀನು ಕೈಗೆ ಸಿಕ್ಕ ಕಲ್ಲಿನಿಂದ ಅದರ ತಲೆ ಜಜ್ಜಿದೆ. ಸತ್ತ ಮೇಲೂ ಜಜ್ಜುತ್ತಲೇ ಇದ್ದೆ. ಮುಖದ ತುಂಬ ರಕ್ತ, ಆದರೂ ನನ್ನನ್ನು ನೋಡಿ ನಕ್ಕು, "ಬುತ್ತಿ ಚೆಲ್ಲಿಲ್ಲ ತಾನೆ?" ಅಂದೆ. ಹಸಿದ ತೋಳ ಮರಿ ಬಿಟ್ಟು ಮನುಷ್ಯನ ಮೇಲೆ ಯಾಕೆ ಬಿತ್ತು? ಆ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಗಂಡಸರ ಮುಂದೆ ನಾನು ಯಾವತ್ತು ಮಾತಾಡಿದ್ದೆ ಹೇಳು.

ನಿನ್ನನ್ನು ಹಟ್ಟಿಗೆ ಕರೆತಂದಾಗ ಅತ್ತಿಗೆ ಮದ್ದಿನ ಕುರಿ ಕೇಳಿದಳು. ದೊಡ್ಡಪ್ಪ ಕೊಡಲಿಲ್ಲ. ತೋಳ ಹಿಂಡಿನ ಪಾಲುದಾರ, ಅವನು ಒಂದು ಕುರಿ ಒಯ್ದರೆ ಹಿಂಡು ಎರಡರಷ್ಟಾಗುತ್ತದೆ, ಅವನು ಮಾಡಿದ ಗಾಯಕ್ಕೆ ಮದ್ದಿನ ಕುರಿ ಮಾರಿದರೆ ಅವನನ್ನು ದೂರಿದ ಹಾಗೆ ಎಂದ. ನೀನೂ ಹೌದೆಂದೆ. "ನಾಯಿ ಕಡಿದೋರು ಹೋಗ್ಲಿ ಸೂಜಿಗೆ. ನನಗೆ ಕಡಿದಿರಾದು ತೋಳ" ಎಂದು ಎದೆ ಉಬ್ಬಿಸಿದೆ. ಕುಡುಗೋಲನ್ನು ಕೆಂಪಗೆ ಕಾಯಿಸಿ ಭುಜಕ್ಕೆ ಬರೆ ಎಳೆದರು. ಚರ್ಮ ಸುಟ್ಟ ವಾಸನೆ ಕಂಬಳಿಯಿಂದ ಇವತ್ತಿಗೂ ಹೋಗಿಲ್ಲ. ನೀನು ಹಲ್ಲು ಕಚ್ಚಿಕೊಂಡು ಕೂತಿದ್ದೆ, ಹುಡುಗರೆಲ್ಲ ನಿನ್ನನ್ನು ದೇವರ ಹಾಗೆ ನೋಡುತ್ತಿದ್ದರು.

ಗಾಯ ಒಣಗಿ ತಿಂಗಳು ಕಳೆದ ಮೇಲೆ ನಿನಗೆ ಜ್ವರ ಹಿಡಿಯಿತು. ಕೊನೆಯ ದಿನ ನೀನು ನೀರು ಕೇಳಿದೆ. ಚೊಂಬು ಕಂಡ ಕೂಡಲೇ ಗಂಟಲು ಸೆಟೆದು, ಕಣ್ಣು ಹೊರಗೆ ಬಂದು, ಚೊಂಬನ್ನು ಗೋಡೆಗೆ ಎಸೆದೆ. ದೊಡ್ಡಪ್ಪನೂ ಇನ್ನಿಬ್ಬರೂ ಸೇರಿ ನಿನ್ನನ್ನು ಉಣ್ಣೆಯ ಹಗ್ಗದಿಂದ ಕಂಬಕ್ಕೆ ಕಟ್ಟಿದರು. ನೀನು ಕಂಬವನ್ನು ಕಚ್ಚಿದೆ, ಹಲ್ಲು ಮುರಿದು ನೆಲಕ್ಕೆ ಬಿತ್ತು. ಅತ್ತಿಗೆ ಬಾಯಿಯ ನೊರೆ ಒರೆಸುತ್ತಲೇ ಇದ್ದಳು. ನಡುವೆ ಒಮ್ಮೆ ನೀನು ನೀನೇ ಆಗಿ, "ಗಂಗೀನ ಹತ್ರ ಬಿಡಬ್ಯಾಡ್ರಿ" ಅಂದೆ. ಅದೇ ನಿನ್ನ ಕೊನೆಯ ಮಾತು. ಅಂದಿನಿಂದ ಚೊಂಬು ಕಂಡರೆ ನನ್ನ ಗಂಟಲೂ ಕಟ್ಟುತ್ತದೆ. ಅದು ಹೆದರಿಕೆಯೋ, ಅದೇ ರೋಗವೋ, ಹೇಗೆ ತಿಳಿಯಲಿ?

ಕಾಳಕ್ಕೆ ಮುದ್ದೆ ಹಾಕಲು ಹೋದ ಬೆಳಿಗ್ಗೆ ಅದರ ದವಡೆ ಜೋತುಬಿದ್ದಿತ್ತು. ನೀನು ಹೋದ ದುಃಖಕ್ಕೆ ಉಣ್ಣುತ್ತಿಲ್ಲ ಅಂದುಕೊಂಡೆ. ಕೈ ಚಾಚಿದೆ, ಮೂಳೆಯವರೆಗೆ ಕಚ್ಚಿತು, ಬಿಡಲಿಲ್ಲ. ಅತ್ತಿಗೆ ನಿನ್ನ ಕೋಲು ತಂದು ಹೊಡೆದಳು. ಒಂದೇಟಿಗೆ ಸಾಯಲಿಲ್ಲ ಅಣ್ಣಯ್ಯ. ಅವಳು ಅಳುತ್ತಾ, ಅದರ ಹೆಸರು ಕರೆಯುತ್ತಾ, ಅದು ಸುಮ್ಮನಾಗುವವರೆಗೂ ಹೊಡೆದಳು. ನಿನಗೆ ಇದನ್ನು ಹೇಳದೆ ಇರಬಹುದಿತ್ತು, ಆದರೆ ನೀನು ಅದನ್ನು ಅಲ್ಲಿ ಹುಡುಕುತ್ತಿದ್ದರೆ...

ದೊಡ್ಡಪ್ಪ ಮತ್ತೆ ಕುಡುಗೋಲು ಒಲೆಗಿಟ್ಟ. "ನಾಯಿಗೆ ಬಂದಿದ್ದು ತೋಳದಿಂದ. ಇದೂ ತೋಳನ ಗಾಯಾನೆ. ಕೈ ಚಾಚಲೇ ಗಂಗಿ" ಎಂದ. ನಾನು ಚಾಚಿಬಿಡುತ್ತಿದ್ದೆ. ಅಷ್ಟರಲ್ಲಿ ಅತ್ತಿಗೆ ಅದೇ ಕೋಲಿನಿಂದ ಅವನ ತಲೆಗೆ ಬೀಸಿದಳು. ಪೇಟ ಹಾರಿತು, ನೆತ್ತಿ ಒಡೆದು ರಕ್ತ ಕಿವಿಯ ಮೇಲೆ ಇಳಿಯಿತು. ಹಟ್ಟಿಯೆಲ್ಲ ಓಡಿ ಬಂತು. ಅವಳು ಕೋಲು ಬಿಡಲಿಲ್ಲ.

"ಈ ತಲೆ ಗಾಯ ತೋಳ ಮಾಡಿದ್ದಲ್ಲ ಮಾವ, ನಾನು ಮಾಡಿದ್ದು. ಇದಕ್ಕೆ ಮದ್ದಿನ ಕುರಿ ಕೊಡ್ತಾರೆ. ಏಳ್ರಿ, ದುರ್ಗಕ್ಕೆ ಹೋಗಾಣ."

ತಲೆ ಒಡೆದರೆ ಕುರಿ ಕೊಡಬಾರದೆಂಬ ಕಟ್ಟಳೆ ಇರಲಿಲ್ಲವಲ್ಲ. ಅತ್ತಿಗೆ ಕಿವಿ ಗುರುತಿನ ಕುರಿಯೊಂದನ್ನು ತಾನೇ ಎಳೆದುಕೊಂಡು ಹೊರಟಳು. ಹೊಳಲ್ಕೆರೆಯಲ್ಲಿ ಅದನ್ನು ಮಾರಿ ಬಸ್ಸು ಹತ್ತಿದೆವು. ದೊಡ್ಡಪ್ಪ ತಲೆಗೆ ಪಂಚೆ ಸುತ್ತಿಕೊಂಡು ನಮ್ಮಿಬ್ಬರ ನಡುವೆ ಕೂತಿದ್ದ. ಕಂಡಕ್ಟರ್, "ಏನ್ ಯಜಮಾನ್ರೇ, ಟಗರು ಗುದ್ದಿತೇನ್ರಿ?" ಎಂದು ಕೇಳಿದ. "ಸೊಸೆ" ಎಂದ ದೊಡ್ಡಪ್ಪ.

ಬಸ್ಸಿಳಿದ ಮೇಲೆ ದೊಡ್ಡಪ್ಪ ಆ ಕಾರ್ಡಿನ ಡಾಕ್ಟರ ಹತ್ತಿರವೇ ಎಳೆದುಕೊಂಡು ಹೋದ. ಬಿಳಿ ಅಂಗಿ, ಗಾಜಿನ ಬೀರು, ಎಲ್ಲ ಇತ್ತು. ಅವರು ನನ್ನ ಕೈ ಮುಟ್ಟದೆ ದೂರದಿಂದಲೇ ನೋಡಿ ತೋಳಿಗೊಂದು ಸೂಜಿ ಹಾಕುತ್ತೇನೆ, ವಾಸಿಯಾಗುತ್ತದೆ ಎಂದರು. ಯಾವ ಸೂಜಿ ಎಂದು ಅತ್ತಿಗೆ ಕೇಳಿದಳು. ಶಕ್ತಿಯದು ಎಂದರು. ಅವಳು ನನ್ನನ್ನು ಎಬ್ಬಿಸಿಕೊಂಡು ಹೊರಗೆ ಬಂದಳು.

ದೊಡ್ಡಾಸ್ಪತ್ರೆಯಲ್ಲಿ ಸಿಕ್ಕವರು ಹೆಂಗಸು ಡಾಕ್ಟರು, ಅಣ್ಣಯ್ಯ. ಸಿಡುಕಿನವರು. ಹೆಸರು ಕೇಳುವ ಮೊದಲೇ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತಿಕ್ಕಿದರು. ಪ್ರಾಣ ಹೋಗುವ ಉರಿ. ನಾನು ಕಿತ್ತುಕೊಂಡರೆ ಮೊಣಕೈ ಹಿಡಿದು ಇನ್ನೂ ತಿಕ್ಕಿದರು. ಆಮೇಲೆ ದೊಡ್ಡಪ್ಪನ ತಲೆ ಹೊಲಿಯುತ್ತಾ ಒಂದೊಂದೇ ಕೇಳಿದರು. ನಾಯಿ ಎಲ್ಲಿ? ಅದಕ್ಕೆ ಯಾವುದು ಕಚ್ಚಿತ್ತು? ಇನ್ಯಾರಿಗೆ? ನಿನ್ನ ವಿಷಯ ಬಂದಾಗ ಅವರ ಕೈ ನಿಂತಿತು.

"ಕಟ್ಟಿಹಾಕಿದ್ದು ಯಾರು? ಬಾಯಿ ಒರೆಸಿದ್ದು ಯಾರು?"

ಅತ್ತಿಗೆ ತಲೆ ತಗ್ಗಿಸಿದಳು. ದೊಡ್ಡಪ್ಪ ತನ್ನ ಕೈ ತೋರಿಸಿದ. ನಿನ್ನ ಹಲ್ಲು ತಾಗಿದ ಗೀರು ಅಲ್ಲಿತ್ತು, ಯಾರಿಗೂ ಹೇಳಿರಲಿಲ್ಲ.

"ತೋಳಕ್ಕೂ ನಾಯಿಗೂ ಒಂದೇ ಹುಚ್ಚು, ಯಜಮಾನ್ರೇ. ನಿಮಗೂ ಸೂಜಿ, ಇವರಿಗೂ ಸೂಜಿ. ಅಂಗಿ ಎತ್ತಿ."

ಆಗ ನಾನು ಮಾತಾಡಿದೆ, ಅಣ್ಣಯ್ಯ. ನಾನೇ. "ಅಣ್ಣಯ್ಯನ್ನ ಅವತ್ತೇ ಕರ್ಕಂಬಂದಿದ್ರೆ?" ಎಂದೆ. ಅವರು ನನ್ನನ್ನೇ ನೋಡಿದರು. "ಬದುಕೋ ದಾರಿ ಇತ್ತಮ್ಮ" ಎಂದರು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ. ಇವರೇ ನಮ್ಮ ಡಾಕ್ಟರು ಎಂದು ಆಗಲೇ ನನಗೆ ಗೊತ್ತಾಯಿತು. ದೊಡ್ಡಪ್ಪ ಗೋಡೆಗೆ ತಲೆ ಚಚ್ಚಿಕೊಂಡ, ಹೊಲಿಗೆ ಬಿಚ್ಚಿತು. ಅವರು ಬೈಯುತ್ತಾ ಮತ್ತೆ ಹೊಲಿದರು.

ಛತ್ರದಲ್ಲಿ ಉಳಿದಿದ್ದೇವೆ. ಹೊಟ್ಟೆಯೆಲ್ಲ ಗಂಟುಗಟ್ಟಿದೆ, ನಾಳೆಗೆ ಸೂಜಿ ಮುಗಿಯುತ್ತದೆ. ಮುಂದಿನ ಯುಗಾದಿಗೆ ಮದ್ದಿನ ಮರಿಗಳ ಕಿವಿ ಕತ್ತರಿಸುವಾಗ ನಾನು ಬಾಗಿಲ ಹಿಂದೆ ನಿಲ್ಲುವುದಿಲ್ಲ. ತೋಳನ ಗಾಯಕ್ಕೂ ಕುರಿ ಮಾರಬೇಕೆಂದು ಎಲ್ಲರ ಮುಂದೆ ಹೇಳುತ್ತೇನೆ. "ನೀನು ಹೇಳು, ನಾನು ತಲೆ ಬಗ್ಗಿಸಿ ಗಾಯದ ಗುರುತು ತೋರಿಸ್ತೀನಿ" ಎಂದಿದ್ದಾನೆ ದೊಡ್ಡಪ್ಪ. ಅತ್ತಿಗೆ ಕೋಲು ತರುತ್ತಾಳಂತೆ.

ಇಷ್ಟು ದಿನ ಅತ್ತಿಗೆ ನನ್ನ ಕಣ್ಣು ಮುಚ್ಚಿ ಸೆರಗನ್ನು ನೀರಿಗೆ ಅದ್ದಿ ಬಾಯಿಗೆ ಹಿಂಡುತ್ತಿದ್ದಳು. ಇವತ್ತು ಬೆಳಿಗ್ಗೆ ಅವಳು ಏಳುವ ಮೊದಲೇ ಛತ್ರದ ನಲ್ಲಿ ತಿರುಗಿಸಿ, ಎಡಗೈಯೊಡ್ಡಿ, ಕಣ್ಣು ಬಿಟ್ಟುಕೊಂಡೇ ನೀರು ಕುಡಿದೆ. ಗಂಟಲಲ್ಲಿ ಇಳಿಯಿತು. ತಣ್ಣಗಿತ್ತು.

ನಿನ್ನ ತಂಗಿ,
ಗಂಗಿ