ಇಪ್ಪತ್ತೆರಡನೇ ಕಟ್ಟು

ಜನವರಿ 9
ಆಸ್ಪತ್ರೆ ಆರ್ಡರ್. ಅರವತ್ತು ಜೊತೆ ಯೂನಿಫಾರ್ಮ್, ನೀಲಿ. ಹನ್ನೆರಡು ಪದರ ಹಾಸಿ ಮೆಷಿನ್‌ನಲ್ಲಿ ಕತ್ತರಿಸಿದೆ. ಬ್ಲೇಡ್ ಮೊಂಡು. ಕೆಳಗಿನ ಎರಡು ಪದರ ಇಲಿ ಕಡಿದ ಹಾಗೆ ಬಂದವು. ಅಕ್ಕ ಎತ್ತಿ ತೋರಿಸಿ ಕೆಳಗಿಟ್ಟಳು, ಅಷ್ಟೇ. ಬ್ಲೇಡ್ ಬದಲಿಸಿದೆ.

ನಾನು ಕತ್ತರಿಸುವುದು, ಅಕ್ಕ ಹೊಲಿಯುವುದು. ಭಾವ ಮನೆ ಬಿಟ್ಟು ಹೋಗಿ ಹದಿನಾಲ್ಕು ವರ್ಷವಾಯಿತು. ಅಂದಿನಿಂದ ಕೆಳಗೆ ವರ್ಕ್‌ಶಾಪ್, ಮೇಲೆ ಮನೆ, ನಾವಿಬ್ಬರೇ. ಗೊತ್ತಿರುವುದನ್ನೇ ಯಾಕೆ ಬರೆಯುತ್ತಿದ್ದೇನೋ. ಹೊಸ ನೋಟ್‌ಬುಕ್ಕು, ಕೈ ಸುಮ್ಮನಿರುವುದಿಲ್ಲ.

ಕತ್ತರಿಸುವ ಮೇಜಿನೆದುರು ಗುಂಡಿ ಕಂಪನಿಯ ಹಳೇ ಕ್ಯಾಲೆಂಡರ್. ಹನ್ನೊಂದು ವರ್ಷದಿಂದ ಫೆಬ್ರವರಿ ಹಾಳೆಯೇ ಇದೆ, ತಿರುವಲು ಬಿಟ್ಟಿಲ್ಲ. ಸಮುದ್ರದ ಪಕ್ಕದಲ್ಲೇ ಹೋಗುತ್ತಿರುವ ಪುಟ್ಟ ರೈಲು. ಕೆಳಗೆ ಸಣ್ಣಕ್ಷರ: ಗೊನೊ ಲೈನ್, ಜಪಾನ್. ಬ್ಲೇಡ್ ತಿರುಪು ಬಿಗಿ ಮಾಡುತ್ತ ಅದನ್ನೇ ನೋಡುತ್ತಿದ್ದೆ. ಬರುವ ಜೂನ್‌ಗೆ ಐವತ್ತು. ಅಷ್ಟರೊಳಗೆ ಅದರಲ್ಲಿ ಕೂರಬೇಕು. ಒಬ್ಬಳೇ. ಏಪ್ರಿಲ್ 14.

ಬರೆದೆ. ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ನನಗಿಲ್ಲ.

ಜನವರಿ 10
ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. ಪಾಸ್‌ಪೋರ್ಟೇ ಇನ್ನೂ ಬಂದಿಲ್ಲ, ಆಗಲೇ ತಾರೀಕು.
"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ" ಅಂದಳು.
"ಹೊಲಿಯೋರು ನಾವೇ ತಾನೆ?"
ನಕ್ಕಳು. ಆಮೇಲೆ ಕೇಳಿದಳು, "ಎಷ್ಟು ದಿನ?"
"ರೈಲ್ ಪಾಸ್ ಇಪ್ಪತ್ತೊಂದು ದಿನದ್ದು."
ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಜನವರಿ 18
ಟಿಕೆಟ್ ಏಜೆಂಟ್ ಹತ್ತಿರ ಹೋಗಿದ್ದೆ. ಮಾತು ಶುರುವಾದರೆ ನಿಲ್ಲದ ಮನುಷ್ಯ.
"ಒಬ್ಬರೇನಾ ಮೇಡಂ? ಗ್ರೂಪ್ ಟೂರ್ ಇದೆಯಲ್ಲಾ! ನಲವತ್ತು ಜನ, ಎಂಟು ದಿನ, ಮೂರು ಹೊತ್ತೂ ಊಟ ನಮ್ಮದೇ."
"ಮೂರು ಹೊತ್ತೂ ನಲವತ್ತು ಜನರ ಜೊತೆ?"
"ಮಜಾ ಇರುತ್ತೆ ಮೇಡಂ!"
"ನಿಮಗೆ ಇರುತ್ತೆ. ನನಗೆ ರೈಲು ಸಾಕು."
ದಕ್ಷಿಣದಲ್ಲಿ ಫುಕುವೋಕಾಗೆ ವಿಮಾನ. ಅಲ್ಲಿಂದ ಪಶ್ಚಿಮ ಕರಾವಳಿ ಹಿಡಿದು ಉತ್ತರಕ್ಕೆ. ಕೊಟ್ಟ ಕೊನೆಯ ಸ್ಟೇಷನ್ ವಕ್ಕನಾಯಿ. ಉತ್ತರಕ್ಕೆ ಮುಖ ಮಾಡಿ ಹೋದರೆ ಸಮುದ್ರ ಎಡಗಡೆ. ಸೀಟು ಎಡಗಡೆಯದೇ ಕೇಳಬೇಕು. ಇದನ್ನು ಎರಡು ಸಲ ಹೇಳಿದೆ, ಅವರು ಒಂದು ಸಲ ಬರೆದುಕೊಂಡರು.

ಜನವರಿ 26, ಭಾನುವಾರ
ನಕ್ಷೆ ಮಾಡಿದೆ. ಪ್ಯಾಟರ್ನ್ ಬಿಡಿಸುವ ಕಂದು ಕಾಗದದಲ್ಲೇ, ಗೋಡೆಯುದ್ದಕ್ಕೆ. ಬೇರೆ ಯಾವ ರೀತಿಯಲ್ಲೂ ನನಗೆ ಯೋಚಿಸಲು ಬರುವುದಿಲ್ಲ. ಇಪ್ಪತ್ತೊಂದು ದಿನ, ಇಪ್ಪತ್ತೊಂದು ಊರು. ಮತ್ಸುಯೆ, ತೊತ್ತೋರಿ, ಕನಾಜಾವಾ, ನೀಗಾತಾ, ಅಕಿತಾ... ರೈಲು ಬದಲಿಸುವ ಕಡೆಯಲ್ಲೆಲ್ಲ ಅರ್ಧ ಗಂಟೆ ಸಡಿಲ ಬಿಟ್ಟಿದ್ದೇನೆ. ಹೊಲಿಗೆ ಅಂಚು ಬಿಡದೆ ಕತ್ತರಿಸಿದವಳು ಆಮೇಲೆ ಅಳುತ್ತಾಳೆ.

ಕಾಗದ ಹುಡುಕುವಾಗ ಹಳೇ ಅಂಗಿಯ ಬೆನ್ನಿನ ಪ್ಯಾಟರ್ನ್ ಸಿಕ್ಕಿತು. ನಾನು ಶುರು ಮಾಡಿದ ಹೊಸದರಲ್ಲಿ ಬಿಡಿಸಿದ್ದು. ಬೆನ್ನಿಗೆ ಅರ್ಧ ಬಿಡಿಸಿದರೆ ಸಾಕು. ಮಡಿಸಿದ ಬಟ್ಟೆಯ ಮೇಲಿಟ್ಟು ಕತ್ತರಿಸಿದರೆ ಬಿಚ್ಚಿದಾಗ ಪೂರ್ತಿ ಬೆನ್ನು. ಆದರೆ ಅಂಚಿಗೆ ಎರಡು ಗೆರೆ ಎಳೆಯಬೇಕು—ಮಡಿಕೆ ಗುರುತು. ಆವತ್ತು ಎಳೆಯಲು ಮರೆತಿದ್ದೆ. ಮರುದಿನ ಕಾಗದ ನೋಡಿ ನಾನೇ ನಲವತ್ತು ಅರ್ಧ ಬೆನ್ನು ಕತ್ತರಿಸಿಟ್ಟೆ. ಅಂದಿನಿಂದ ಅಕ್ಕನ ಕಾನೂನು: ಗುರುತು ಹಾಕದ್ದು ಇಲ್ಲ.

ಫೆಬ್ರವರಿ 8
ಒಬ್ಬಳೇ ಹೋಟೆಲಿಗೆ ಹೋಗಿ ಊಟ ಮಾಡಿದೆ. ಪ್ರಾಕ್ಟೀಸು. ಹುಟ್ಟಿದಂದಿನಿಂದ ಇದೇ ಮೊದಲು. ಮಾಣಿ ಎರಡು ನೀರಿನ ಲೋಟ ಇಟ್ಟು ಇನ್ನೊಬ್ಬರಿಗಾಗಿ ಬಾಗಿಲು ನೋಡುತ್ತಿದ್ದ. ಎರಡನ್ನೂ ನಾನೇ ಕುಡಿದೆ.

ಬ್ಯಾಗಿನಲ್ಲಿ ಎಂಟು ಕೇಜಿ ಬಟ್ಟೆ ತುಂಬಿ ಮೆಟ್ಟಿಲು ಹತ್ತಿ ಇಳಿದೆ, ಹತ್ತು ಸಲ. ಏಳನೆಯದಕ್ಕೆ ಮಂಡಿ ಮಾತಾಡಿತು. ಕಿವಿಗೆ ಹಾಕಿಕೊಳ್ಳಲಿಲ್ಲ.

ಫೆಬ್ರವರಿ 21
ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ಯಾರನ್ನೋ ಬಯ್ಯುತ್ತಿರುವ ಹಾಗಿದ್ದೇನೆ.

ನಾನಿಲ್ಲದಾಗ ಅಕ್ಕ ಕೈ ಕಟ್ಟಿ ಕೂರಬಾರದು. ದಿನಕ್ಕೊಂದು ಕಟ್ಟು, ಒಟ್ಟು ಇಪ್ಪತ್ತೊಂದು, ಮುಂಚೆಯೇ ಕತ್ತರಿಸಿ ಚೀಟಿ ಅಂಟಿಸಿ ಜೋಡಿಸುತ್ತಿದ್ದೇನೆ. ಇವತ್ತಿಗೆ ನಾಲ್ಕು. ಬಚ್ಚಲಿನ ನಲ್ಲಿಗೆ ವಾಷರ್ ಹಾಕಿದೆ. ಮೇಲಿನ ಬಾಗಿಲ ಚಿಲಕ ಸಡಿಲವಿತ್ತು, ಬಿಗಿ ಮಾಡಿದೆ. ದಾರದ ದೊಡ್ಡ ಪೆಟ್ಟಿಗೆ ತರಿಸಿಟ್ಟೆ. ಅಕ್ಕ ಎಲ್ಲವನ್ನೂ ನೋಡುತ್ತಿದ್ದಾಳೆ. ಇಷ್ಟು ಮಾಡಿದರೂ ಒಂದು ಒಳ್ಳೇ ಮಾತಿಲ್ಲ. ಸಿಟ್ಟು ಬರುತ್ತದೆ ನನಗೆ.

ಮಾರ್ಚ್ 3
ಏಜೆಂಟ್ ಫೋನ್. ಆಗ ಕತ್ತರಿಸುತ್ತಿದ್ದೆ, ಎಡಗೈಗೆ ತಂತಿಯ ಗ್ಲೌಸ್. ಸ್ಪೀಕರ್ ಒತ್ತಿದೆ.
"ಮೇಡಂ, ಹೋಗೋದು ಕನ್ಫರ್ಮ್. ರಿಟರ್ನ್ ಯಾವತ್ತಿಗೆ ಹಾಕ್ಲಿ?"
"ರಿಟರ್ನ್ ಆಮೇಲೆ ನೋಡೋಣ ಬಿಡಿ."
ಮೆಷಿನ್ ಓಡುತ್ತಿರುವಾಗ ಯಾರಾದರೂ ತಾರೀಕು ಕೇಳುತ್ತಾರಾ. ಆಚೆ ಅಕ್ಕನ ಹೊಲಿಗೆ ಸದ್ದು ನಿಂತಿತು. ದಾರ ಕಿತ್ತುಹೋಯಿತೇನೋ.

ಮಾರ್ಚ್ 6
ಅಕ್ಕ ಎಡತೋಳನ್ನು ಬಲಗಡೆ ಹೊಲಿದಳು. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಆಗಿರಲಿಲ್ಲ. ತಾನೇ ಬಿಚ್ಚಿದಳು. ನಾನು ಹತ್ತಿರ ಹೋದರೆ "ನಿನ್ನ ಕೆಲಸ ನೋಡ್ಕೋ" ಅಂದಳು. ಸರಿಯಾಗಿ ಊಟ ಮಾಡುತ್ತಿಲ್ಲ.

ಬಿಟ್ಟುಬಿಡಲಾ? ಒಂದು ರೈಲಿಗಾಗಿ ಅಕ್ಕನನ್ನು ಹೀಗೆ ಒಣಗಿಸಬೇಕಾ? ಒಂದು ಗಂಟೆ ಯೋಚಿಸಿದೆ. ಎದ್ದು ಹನ್ನೊಂದನೇ ಕಟ್ಟು ಕತ್ತರಿಸಿದೆ. ಈಗ ಬಿಟ್ಟರೆ ಜೀವಮಾನವಿಡೀ ಅವಳ ಮೇಲೆ ಆ ಸಿಟ್ಟು ಇಟ್ಟುಕೊಂಡಿರುತ್ತೇನೆ. ಅದಕ್ಕಿಂತ ಹೋಗಿ ಬರುವುದು ಮೇಲು. ಆಮೇಲೆ ಜಪಾನಿ ಪಾಠ: ಕೊನೋ ದೆನ್ಶಾ ವಾ ಅಕಿತಾ ನಿ ಇಕಿಮಾಸು ಕಾ. ಈ ರೈಲು ಅಕಿತಾಗೆ ಹೋಗುತ್ತದಾ? ಇವತ್ತು ಇದನ್ನು ನೂರು ಸಲ ಹೇಳಿದೆ, ಸಿಟ್ಟಿನಲ್ಲೇ.

ಮಾರ್ಚ್ 11
ಮೊದಲಿನಿಂದ ಬರೆಯುತ್ತೇನೆ.

ಮಧ್ಯಾಹ್ನ ಅಕ್ಕ ಮೆಷಿನ್ ನಿಲ್ಲಿಸಿ ಎದ್ದು ಬಂದು ನಕ್ಷೆಯ ಮುಂದೆ ನಿಂತಳು. ಗೋಡೆಗೆ ಅಂಟಿಸಿ ಆರು ವಾರವಾದರೂ ನನ್ನೆದುರು ಅದರ ಕಡೆ ತಲೆಯೆತ್ತಿದವಳಲ್ಲ. ಕೊನೆಯ ಊರಿನ ಮೇಲೆ ಬೆರಳಿಟ್ಟಳು.
"ಇದಾದ್ಮೇಲೆ?"
"ಅಲ್ಲಿಂದ ಮುಂದೆ ಹಳಿ ಇಲ್ಲ ಅಕ್ಕಾ."
"ಹಳಿ ಕೇಳ್ಲಿಲ್ಲ ನಾನು. ಇದಾದ್ಮೇಲೆ ನೀನೆಲ್ಲಿ?"
ನನಗೆ ಅರ್ಥವಾಗಲಿಲ್ಲ.
"ನೇರವಾಗಿ ಹೇಳ್ಬಿಡು ಪುಟ್ಟೀ. ಅತ್ತು ರಂಪ ಮಾಡೋಳಲ್ಲ ನಾನು. ನಿಮ್ಮ ಭಾವ ಹೋಗೋ ಮುಂಚೆನೂ ಹೀಗೇ. ನಲ್ಲಿ ರಿಪೇರಿ ಮಾಡಿದ್ರು. ಚಿಲಕ ಹಾಕಿದ್ರು. ಆರು ತಿಂಗಳಿಗಾಗೋಷ್ಟು ದಾರ ತಂದಿಟ್ರು. ನಾನೊಬ್ಬಳು ಮಂಕು, ಈಗೀಗ ಎಷ್ಟು ಒಳ್ಳೆಯವರಾಗಿಬಿಟ್ರು ಅಂತ ಖುಷಿಪಟ್ಟೆ. ಎರಡು ದಿನದ ಕೆಲಸ ಅಂದ್ರು, ಹೋದ್ರು."
"ಅಕ್ಕಾ—"
"ಇಪ್ಪತ್ತೊಂದು ದಿನ. ಇಪ್ಪತ್ತೊಂದು ಊರು. ರಿಟರ್ನ್ ಆಮೇಲೆ ನೋಡೋಣ ಅಂದೆ, ನನ್ನ ಕಿವಿಯಾರೆ ಕೇಳಿದೀನಿ. ನಮ್ಮನೆ ಎಲ್ಲಿದೆ ಇದರಲ್ಲಿ? ತೋರಿಸು."
"ಇದು ಅರ್ಧ ಅಕ್ಕಾ! ಹೋಗೋದು ಮಾತ್ರ ಬಿಡಿಸಿದೀನಿ. ಮಡಿಸಿದ್ರೆ ಬರೋದು..."
"ಗುರುತೆಲ್ಲಿ?"

ಇರಲಿಲ್ಲ. ವಕ್ಕನಾಯಿಯ ಪಕ್ಕದಲ್ಲಿ, ಎರಡು ಗೆರೆ ಇರಬೇಕಾದ ಜಾಗದಲ್ಲಿ, ಬೋಳು ಕಾಗದ. ಆವತ್ತಿನದೇ ತಪ್ಪು. ವಾಪಸ್ಸು ಬರುವುದು ಬರೆದಿಡಬೇಕಾದ ವಿಷಯ ಅಂತಲೇ ನನಗೆ ಹೊಳೆದಿರಲಿಲ್ಲ. ಹೋದವಳು ಬರುತ್ತಾಳೆ, ಅದರಲ್ಲೇನಿದೆ? ಆದರೆ ಅಕ್ಕ ಕಾಗದದಲ್ಲಿ ಇದ್ದದ್ದನ್ನೇ ಓದಿದ್ದಳು. ಎರಡು ತಿಂಗಳು ನಾನು ಜಪಾನಿ ಭಾಷೆ ಕಲಿಯುತ್ತ ಹಾಯಾಗಿದ್ದೆ. ಅವಳು ಪ್ರತಿದಿನ, ನಾನು ಕಟ್ಟಿಟ್ಟ ಒಂದೊಂದು ಕಟ್ಟನ್ನೂ ನೋಡಿ, ನಾನು ಹೋಗಿಯೇಬಿಟ್ಟೆ ಅಂದುಕೊಂಡಿದ್ದಳು.

ನೆಲದ ಮೇಲೆ ಚೂರು ಬಟ್ಟೆಗಳ ನಡುವೆ ಕೂತು ಅತ್ತೆ. ರಂಪ ಮಾಡೋಳಲ್ಲ ಅಂದವಳು ನನಗಿಂತ ಜೋರಾಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಮತ್ತೆ ನಕ್ಷೆ ನೋಡಿ, ತಪ್ಪು ಕತ್ತರಿಸಿದಾಗ ಹೇಳುವ ಅದೇ ದನಿಯಲ್ಲಿ:
"ಪಾಸು ಎಷ್ಟು ದಿನದ್ದು ಅಂದೆ?"
"ಇಪ್ಪತ್ತೊಂದು."
"ಹೋಗೋದಕ್ಕೇ ಇಪ್ಪತ್ತೊಂದು ಮುಗೀತಲ್ಲೇ. ಬರೋದು ಏನು, ನಡ್ಕೊಂಡಾ?"
ದೇವರೇ. ಜಪಾನಿನ ತುತ್ತತುದಿಯ ಪ್ಲಾಟ್‌ಫಾರ್ಮಿನಲ್ಲಿ, ಮುಗಿದ ಪಾಸು ಹಿಡಿದು ನಿಂತಿರುತ್ತಿದ್ದೆ.

ಮಾರ್ಚ್ 12
ವಕ್ಕನಾಯಿಯಿಂದ ಫುಕುವೋಕಾಗೆ ವಾಪಸ್ಸು ಬರಲು ಮೂರು ದಿನ ಬೇಕು. ಅಂದರೆ ಮೂರು ಊರು ಕತ್ತರಿಸಬೇಕು. ನನ್ನ ಕೈ ಬರಲಿಲ್ಲ. ನಕ್ಷೆಯ ಕಡೆ ತಲೆಯೆತ್ತದಿದ್ದವಳಿಗೆ ಪ್ರತಿ ಊರೂ ಬಾಯಿಪಾಠ!
"ತೊತ್ತೋರಿ ತೆಗಿ. ಅಲ್ಲೇನಿದೆ?"
"ಮರಳುಗುಡ್ಡೆ."
"ಮರಳು ನೋಡೋಕೆ ವಿಮಾನ ಹತ್ತಬೇಕಾ? ಇನ್ನು ಇವೆರಡೂ ಅಕ್ಕಪಕ್ಕದ ಊರು, ಒಂದು ಸಾಕು. ಇಲ್ಲಿ ಬರೀ ರೈಲು ಬದಲಿಸೋಕೆ ಒಂದು ದಿನ ಯಾಕೆ, ಇದನ್ನೂ ತೆಗಿ." ಕ್ಯಾಲೆಂಡರ್ ಕಡೆ ಗಲ್ಲ ಎತ್ತಿದಳು. "ಅದಿರೋ ಜಾಗ ಮಾತ್ರ ಮುಟ್ಬೇಡ."
ಅವಳಿಗೂ ಗೊತ್ತಿತ್ತು.

ತಡೆಯಲಾಗದೆ ಕೇಳಿಬಿಟ್ಟೆ, "ನೀನೂ ಬರ್ತೀಯಾ?"
"ನನಗೆ ರೈಲಲ್ಲಿ ತಲೆ ಸುತ್ತುತ್ತೆ. ಒಬ್ಬಳೇ ಅಂತ ಹೊರಟಿದೀಯ, ಒಬ್ಬಳೇ ಹೋಗು. ನಡುವೆ ನಾನ್ಯಾಕೆ?"
ಒಳಗೊಳಗೇ ಸಮಾಧಾನವಾಯಿತು. ನಾಚಿಕೆಯೂ ಆಯಿತು. ಎರಡೂ ನಿಜ.

ಏಜೆಂಟ್‌ಗೆ ಫೋನ್ ಮಾಡಿದೆ. ಮೇ 6ರ ರಿಟರ್ನ್. "ಗ್ರೂಪ್ ಟೂರ್ ಈಗಲೂ..." ಅಂದರು. ಅಕ್ಕ ಫೋನ್ ಕಿತ್ತುಕೊಂಡು, "ಅವಳು ಒಬ್ಬಳೇ ಹೋಗ್ತಾಳೆ, ಒಬ್ಬಳೇ ಬರ್ತಾಳೆ. ಟಿಕೆಟ್ ಕೊಡಿ ಸಾಕು" ಅಂದಳು.

ಏಪ್ರಿಲ್ 2
ವೀಸಾ ಬಂತು. ಇಪ್ಪತ್ತೊಂದು ಕಟ್ಟೂ ಮುಗಿದವು. ಮೆಟ್ಟಿಲು, ಹದಿನೈದು ಸಲ. ಮಂಡಿ ಸುಮ್ಮನಿದೆ, ಮಾತಾಡಿ ಪ್ರಯೋಜನವಿಲ್ಲ ಅಂತ ತಿಳಿದಿರಬೇಕು.

ಏಪ್ರಿಲ್ 14, ಬೆಳಿಗ್ಗೆ 6:10
ಟ್ಯಾಕ್ಸಿ ಆರೂವರೆಗೆ. ಕೆಳಗಿಳಿದು ವರ್ಕ್‌ಶಾಪ್ ಬಾಗಿಲು ತೆಗೆದೆ. ಮೇಜಿನ ಮೇಲೆ ನೀಲಿ ಬಟ್ಟೆಯನ್ನು ಮಡಿಸಿ ಹಾಸಿದೆ. ಬೆನ್ನಿನ ಪ್ಯಾಟರ್ನ್ ಇಟ್ಟು ಚಾಕ್ ಎಳೆದೆ. ಕತ್ತರಿಸಲಿಲ್ಲ. ಕತ್ತರಿಯನ್ನು ಪಕ್ಕದಲ್ಲಿಟ್ಟು ಚೀಟಿ ಅಂಟಿಸಿದೆ: 22. ಅಂಚಿನಲ್ಲಿ ಎರಡು ಗೆರೆ, ದಪ್ಪಕ್ಕೆ, ಕುರುಡರಿಗೂ ಕಾಣುವ ಹಾಗೆ.

ಅಕ್ಕ ಕಾಫಿ ಹಿಡಿದು ಬಂದಳು. ಮೇಜು ನೋಡಿದಳು. ಗೆರೆಗಳ ಮೇಲೆ ಬೆರಳಾಡಿಸಿದಳು, ಚಾಕ್ ಅವಳ ಬೆರಳಿಗೆ ಹತ್ತಿತು.
"ಇಪ್ಪತ್ತೆರಡು ದಿನ ಹೀಗೇ ಬಿಟ್ರೆ ಧೂಳು ಕೂರುತ್ತೆ" ಅಂದಳು. ಹಳೇ ಬೆಡ್‌ಶೀಟ್ ತಂದು ಮುಚ್ಚಿದಳು, ನಾಲ್ಕು ಮೂಲೆಗೂ ಕಬ್ಬಿಣದ ತೂಕ ಇಟ್ಟಳು.

ನಕ್ಷೆ ಮಡಿಸಿ ಬ್ಯಾಗಿಗೆ ಹಾಕುವಾಗ ಒಂದು ವಿಷಯ ಕಂಡಿತು. ಬರುವಾಗ ಪೂರ್ವದ ಕರಾವಳಿ, ದಕ್ಷಿಣಕ್ಕೆ ಮುಖ. ಅಂದರೆ ಹೋಗುವಾಗ ಸಮುದ್ರ ಎಡಗಡೆ, ಬರುವಾಗಲೂ—

ಹಾರ್ನ್. ಅಕ್ಕ ಆಗಲೇ ಬ್ಯಾಗ್ ಎತ್ತಿಕೊಂಡು